ಡಿಸ್ಕು ನಾಲ್ಕಾದರೂ ಮನೆ ಒಂದೇ

ಈಗಿನ ಫೋರ್‌ಕೆ ಕ್ಯಾಮೆರಾ ಸೆಕೆಂಡಿಗೆ 100 ಮೆಗಾಬಿಟ್ ಲೆಕ್ಕದಲ್ಲಿ ಚಿತ್ರೀಕರಿಸಿದರೆ ಒಂದು ತಾಸಿಗೆ 45 ಗಿಗಾಬೈಟ್ ತುಂಬುತ್ತದೆ. ರೋಣ ತಾಲ್ಲೂಕಿನ ಅಬ್ಬಿಗೇರಿಯಲ್ಲಿ ಒಂದು ಮದುವೆ ಎಂದಿಟ್ಟುಕೊಳ್ಳಿ. ಹಿಂದಿನ ದಿನದ ಅರಿಸಿಣ, ಮರುದಿನದ ಅಕ್ಕಿಕಾಳು, ಊಟದ ಸಾಲು, ಮೆರವಣಿಗೆ. ಎರಡು ಕ್ಯಾಮೆರಾ ತಲಾ ಹತ್ತು ತಾಸು ಓಡಿದರೆ 900 ಗಿಗಾಬೈಟ್, ಹೆಚ್ಚುಕಡಿಮೆ ಒಂದು ಟೆರಾಬೈಟ್. ಬೇಸಿಗೆಯಲ್ಲಿ ಇಂಥ ಹತ್ತು ಮದುವೆ ಹಿಡಿದ ವಿಡಿಯೊದವರ ಮನೆಯಲ್ಲಿ ಮಳೆಗಾಲದ ಹೊತ್ತಿಗೆ ಹತ್ತು ಟೆರಾಬೈಟ್ ಕೂತಿರುತ್ತದೆ. 1956ರಲ್ಲಿ ಐಬಿಎಂ ಕಂಪನಿ ಹೊರತಂದ ಮೊದಲ ಹಾರ್ಡ್ ಡಿಸ್ಕಿನಲ್ಲಿ 50 ತಟ್ಟೆಗಳಿದ್ದವು, ಅಷ್ಟೂ ಸೇರಿ 50 ಲಕ್ಷ ಅಕ್ಷರ ಹಿಡಿಯುತ್ತಿದ್ದವು. ಇವತ್ತಿನ ಮೊಬೈಲಿನ ಒಂದು ಫೋಟೊಗೆ ಅಷ್ಟು ಜಾಗ ಬೇಕು.

ಹತ್ತು ಟೆರಾಬೈಟನ್ನು ಪೆನ್‌ಡ್ರೈವುಗಳಲ್ಲಿ ಕಟ್ಟಿಡಲಾಗದು. ಹಾಗಾಗಿ ಹಳೆಯ ಕಂಪ್ಯೂಟರಿನ ಡಬ್ಬಿಗೆ ನಾಲ್ಕು ಡಿಸ್ಕು ಹಾಕಿ, ಟ್ರೂನ್ಯಾಸ್‌ನಂಥ ಉಚಿತ ತಂತ್ರಾಂಶ ತುಂಬಿ, ಮನೆಯ ಎಲ್ಲ ಮೊಬೈಲು, ಲ್ಯಾಪ್‌ಟಾಪುಗಳಿಗೆ ಒಂದೇ ಉಗ್ರಾಣ ಮಾಡಿಕೊಳ್ಳುವವರು ಈಗ ಹಳ್ಳಿಗಳಲ್ಲೂ ಇದ್ದಾರೆ. ಇದೇ ಮನೆಯ ಫೈಲ್ ಸರ್ವರ್. ಅದು ತುಂಬಿದಾಗ ಎರಡು ಪ್ರಶ್ನೆ ಒಟ್ಟಿಗೆ ಏಳುತ್ತವೆ: ಜಾಗ ಹೆಚ್ಚಿಸುವುದು ಹೇಗೆ, ಒಂದು ಡಿಸ್ಕು ಕೈಕೊಟ್ಟರೆ ಮಾಡುವುದೇನು.

ಕೈಕೊಡುವುದಂತೂ ಖಂಡಿತ. ಡಿಸ್ಕಿನ ಒಳಗೆ ತಟ್ಟೆ ನಿಮಿಷಕ್ಕೆ 7,200 ಸುತ್ತು ತಿರುಗುತ್ತದೆ. ಅದರ ಅಂಚು ಗಂಟೆಗೆ ಸುಮಾರು 130 ಕಿಲೊಮೀಟರ್ ವೇಗದಲ್ಲಿ ಓಡುತ್ತಿರುವಾಗ, ಓದುವ ತಲೆ ಅದರ ಮೇಲೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ಮನುಷ್ಯನ ಕೂದಲಿನ ದಪ್ಪ ಹತ್ತಾರು ಸಾವಿರ ನ್ಯಾನೊಮೀಟರ್. ಇಷ್ಟು ಸೂಕ್ಷ್ಮದ ಯಂತ್ರ ವರ್ಷಗಟ್ಟಲೆ ಹಗಲಿರುಳು ಓಡುವುದೇ ಆಶ್ಚರ್ಯ. ಎರೆಹೊಲದ ಧೂಳು ಡಿಸ್ಕಿನ ಒಳಕ್ಕೆ ಹೋಗದಂತೆ ಸೋಸುಬಟ್ಟೆ ಇರುತ್ತದೆ. ಆದರೆ ಡಬ್ಬಿಯ ಫ್ಯಾನಿಗೆ ಧೂಳು ಮೆತ್ತಿಕೊಂಡರೆ ಬಿಸಿ ಹೊರಹೋಗುವುದಿಲ್ಲ.

1988ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಜ್ ಎಂಬ ಮೂವರು ಒಂದು ಪ್ರಬಂಧ ಮಂಡಿಸಿದರು. ದುಬಾರಿಯ ಒಂದು ದೊಡ್ಡ ಡಿಸ್ಕಿನ ಬದಲು ಅಗ್ಗದ ಹಲವು ಡಿಸ್ಕುಗಳನ್ನು ಜೋಡಿಸಿ ಬಳಸಬಹುದು ಎಂಬುದು ಅವರ ವಾದ. ಡಿಸ್ಕು ಹೆಚ್ಚಾದಷ್ಟೂ ಯಾವುದಾದರೊಂದು ಕೆಡುವ ಸಂಭವವೂ ಹೆಚ್ಚು. ಅದಕ್ಕೆ ಪರಿಹಾರ ಶಾಲೆಯ ಗಣಿತದಷ್ಟೇ ಸರಳ. ಮೂರು ಡಿಸ್ಕಿನಲ್ಲಿ 7, 5, 8 ಎಂದು ಬರೆದಿದ್ದೀರಿ. ನಾಲ್ಕನೆಯದರಲ್ಲಿ ಮೊತ್ತ 20 ಬರೆದಿಡಿ. ಮೂರನೆಯ ಡಿಸ್ಕು ಸತ್ತರೆ 20ರಿಂದ 7 ಮತ್ತು 5 ಕಳೆಯಿರಿ, 8 ಮರಳಿ ಸಿಗುತ್ತದೆ. ಕಂಪ್ಯೂಟರಿನಲ್ಲಿ ಕೂಡಿಸಿ ಕಳೆಯುವ ಬದಲು ಸೊನ್ನೆ ಒಂದುಗಳ ಸಮ-ಬೆಸ ನೋಡುತ್ತಾರೆ, ತತ್ವ ಅದೇ. ಆ ಮೊತ್ತಕ್ಕೆ ಪ್ಯಾರಿಟಿ ಎಂದೂ, ಈ ಜೋಡಣೆಗೆ ರೇಡ್ ಎಂದೂ ಹೆಸರು. ತಲಾ ನಾಲ್ಕು ಟೆರಾಬೈಟಿನ ನಾಲ್ಕು ಡಿಸ್ಕಿನಲ್ಲಿ 12 ಟೆರಾಬೈಟ್ ಬಳಕೆಗೆ, ಉಳಿದ ನಾಲ್ಕು ಕಾವಲಿಗೆ. ಎರಡು ಡಿಸ್ಕು ಒಟ್ಟಿಗೆ ಸತ್ತರೂ ತಡೆಯಬೇಕೆಂದರೆ ಇನ್ನೊಂದು ಡಿಸ್ಕಿನಷ್ಟು ಜಾಗ ಬಿಟ್ಟುಕೊಡಬೇಕು.

ಜಾಗ ಹೆಚ್ಚಿಸಲು ಹಳೆಯ ದಾರಿ ಎಂದರೆ ಒಂದೊಂದೇ ಡಿಸ್ಕು ತೆಗೆದು ಅಲ್ಲಿಗೆ ದೊಡ್ಡದನ್ನು ಹಾಕುವುದು. ಒಂದು ಹಾಕಿದಾಗಲೆಲ್ಲ ಉಳಿದ ಮೂರನ್ನೂ ಓದಿ, ಲೆಕ್ಕ ಕಟ್ಟಿ, ಹೊಸದಕ್ಕೆ ಬರೆಯಬೇಕು. ಸೆಕೆಂಡಿಗೆ 150 ಮೆಗಾಬೈಟ್ ವೇಗ ಹಿಡಿದರೂ ನಾಲ್ಕು ಟೆರಾಬೈಟಿಗೆ ಏಳು ತಾಸು ದಾಟುತ್ತದೆ. ನಾಲ್ಕೂ ಮುಗಿಯಲು ಮೂವತ್ತು ತಾಸು. ಕೊನೆಯ ಡಿಸ್ಕು ಬದಲಾಗುವವರೆಗೆ ಒಂದು ಗಿಗಾಬೈಟೂ ಹೆಚ್ಚುವುದಿಲ್ಲ. ಇಲ್ಲೊಂದು ಅಪಾಯ ಅಡಗಿದೆ. ಹಳೆಯ ಡಿಸ್ಕು ತೆಗೆದ ಗಳಿಗೆಯಿಂದ ಹೊಸದು ತುಂಬುವವರೆಗೆ ಕಾವಲು ಶೂನ್ಯ. ಒಂದೇ ದಿನ ಒಂದೇ ಅಂಗಡಿಯಲ್ಲಿ ಕೊಂಡ ಉಳಿದ ಮೂರು ಡಿಸ್ಕುಗಳಿಗೂ ಅಷ್ಟೇ ವಯಸ್ಸಾಗಿದೆ, ಅವನ್ನೇ ಈಗ ಉಸಿರುಬಿಡದಂತೆ ದುಡಿಸುತ್ತಿದ್ದೇವೆ. ಜಾಗ ಹಿಗ್ಗಿಸಲು ಹೊರಟ ಹೊತ್ತಿನಲ್ಲೇ ಇದ್ದದ್ದೂ ಹೋಗುವ ಸಂಭವ ಎಲ್ಲಕ್ಕಿಂತ ಹೆಚ್ಚು. ಮದರ್‌ಬೋರ್ಡಿನಲ್ಲಿ ಡಿಸ್ಕು ಜೋಡಿಸುವ ಒಂದು ಕಿಂಡಿ ಖಾಲಿ ಇದ್ದರೆ ಹಳೆಯದನ್ನು ತೆಗೆಯದೆ ಹೊಸದನ್ನು ಪಕ್ಕದಲ್ಲಿ ಸೇರಿಸಿ ಬದಲಿಸಬಹುದು. ನಕಲು ಮುಗಿದ ಮೇಲಷ್ಟೇ ಹಳೆಯದಕ್ಕೆ ವಿದಾಯ.

ಹೊಸ ದಾರಿಯೂ ಒಂದಿದೆ. ಸನ್ ಮೈಕ್ರೊಸಿಸ್ಟಮ್ಸ್ ಕಂಪನಿಯಲ್ಲಿ ಹುಟ್ಟಿ ಈಗ ಮುಕ್ತವಾಗಿರುವ ಝಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆಯಲ್ಲಿ, ನಾಲ್ಕು ಡಿಸ್ಕಿನ ಗುಂಪಿಗೆ ಐದನೆಯದನ್ನು ಸೇರಿಸುವುದು ಬಹುಕಾಲ ಸಾಧ್ಯವಿರಲಿಲ್ಲ. 2025ರ ಜನವರಿಯಲ್ಲಿ ಬಂದ ಓಪನ್‌ಝಡ್‌ಎಫ್‌ಎಸ್ 2.3ರಲ್ಲಿ ಅದು ಸಾಧ್ಯವಾಯಿತು. ಲಿನಕ್ಸಿನ ಹಳೆಯ ರೇಡ್ ವ್ಯವಸ್ಥೆಯಲ್ಲಿ ಈ ಸವಲತ್ತು ಮೊದಲೇ ಇತ್ತು ಅನ್ನಿ. ಝಡ್‌ಎಫ್‌ಎಸ್‌ನ ಹೆಚ್ಚುಗಾರಿಕೆ ಬೇರೆ ಕಡೆ ಇದೆ: ಅದು ಪ್ರತಿ ತುಣುಕಿಗೂ ಒಂದು ತಾಳೆಸಂಖ್ಯೆ ಬರೆದಿಡುತ್ತದೆ. ಡಿಸ್ಕು ಸಾಯದೆಯೇ ಅಲ್ಲೊಂದು ಇಲ್ಲೊಂದು ಬಿಟ್ ತಿರುಚಿಕೊಂಡರೂ ಓದುವಾಗ ಪತ್ತೆಹಚ್ಚಿ, ಪ್ಯಾರಿಟಿಯಿಂದ ತಿದ್ದುತ್ತದೆ. ತಿಂಗಳಿಗೊಮ್ಮೆ ಇಡೀ ಉಗ್ರಾಣವನ್ನು ಹೀಗೆ ತಾಳೆ ನೋಡಿಸುವುದು ಒಳ್ಳೆಯದು.

ಡಿಸ್ಕು ಕೊಳ್ಳುವಾಗ ಎಸ್‌ಎಂಆರ್ ಜಾತಿಯದನ್ನು ಇಂಥ ಗುಂಪಿಗೆ ತರಬೇಡಿ. ಅದರಲ್ಲಿ ದತ್ತಾಂಶದ ಪಟ್ಟಿಗಳು ಹಂಚಿನ ಹಾಗೆ ಒಂದರ ಮೇಲೊಂದು ಅರ್ಧ ಕೂತಿರುತ್ತವೆ. ನಮ್ಮ ಸೀಮೆಯಲ್ಲಿ ಮಾಳಿಗೆ ಮನೆಗಳೇ ಹೆಚ್ಚು, ಮಲೆನಾಡಿನ ಹಂಚಿನ ಮಾಡು ನೆನೆಸಿಕೊಳ್ಳಿ: ನಡುವಿನ ಒಂದು ಹಂಚು ಬದಲಿಸಲು ಸುತ್ತಲಿನವನ್ನೂ ಎಬ್ಬಿಸಬೇಕು. ಕಂಪನಿಗಳು ಪೆಟ್ಟಿಗೆಯ ಮೇಲೆ ಇದನ್ನು ಹೇಳದೆಯೇ ಮಾರುತ್ತಿದ್ದ ಸಂಗತಿ 2020ರಲ್ಲಿ ಬಯಲಾಗಿ ದೊಡ್ಡ ಗದ್ದಲವೇ ಆಯಿತು.

ಹಳ್ಳಿಯ ಸರ್ವರಿಗೆ ಡಿಸ್ಕಿಗಿಂತ ದೊಡ್ಡ ವೈರಿ ಕರೆಂಟು. ಮೇಲಿನ ಉದಾಹರಣೆಯಲ್ಲಿ 8ನ್ನು 9 ಎಂದು ತಿದ್ದಿದಿರಿ, ಮೊತ್ತವನ್ನು 21 ಮಾಡುವಷ್ಟರಲ್ಲಿ ಕರೆಂಟು ಹೋಯಿತು. ಈಗ ಲೆಕ್ಕ ತಪ್ಪಿದೆ, ತಪ್ಪಿದ್ದು ಯಾರಿಗೂ ಗೊತ್ತಿಲ್ಲ. ಮುಂದೆಂದೋ ಡಿಸ್ಕು ಸತ್ತಾಗ ಆ ತಪ್ಪು ಮೊತ್ತದಿಂದಲೇ ತಪ್ಪು ಅಂಕಿ ಹುಟ್ಟುತ್ತದೆ. ಹಳೆಯ ಅಂಕಿಯ ಮೇಲೆ ಬರೆಯದೆ ಬೇರೆಡೆ ಬರೆದು ಆಮೇಲೆ ವಿಳಾಸ ಬದಲಿಸುವುದರಿಂದ ಝಡ್‌ಎಫ್‌ಎಸ್ ಈ ಕುಣಿಗೆ ಬೀಳುವುದಿಲ್ಲ. ಆದರೂ ಯುಪಿಎಸ್ ಬೇಕೇ ಬೇಕು. ಮನೆಯ ಸಾದಾ ಇನ್ವರ್ಟರ್ ಸಾಲದೇ ಎಂದರೆ, ಸಾಲದು: ಬ್ಯಾಟರಿ ಮುಗಿಯುತ್ತಿದೆ ಎಂದು ಅದು ಸರ್ವರಿಗೆ ಹೇಳುವುದಿಲ್ಲ. ಯುಎಸ್‌ಬಿ ತಂತಿ ಇರುವ ಯುಪಿಎಸ್ ಹೇಳುತ್ತದೆ, ಸರ್ವರ್ ಆ ಸುಳಿವು ಹಿಡಿದು ತಾನೇ ಶಿಸ್ತಾಗಿ ಮಲಗುತ್ತದೆ.

ಇಷ್ಟೆಲ್ಲ ಮಾಡಿದರೂ ಮುಂಗಾರಿಗೆ ಮುಂಚಿನ ಗುಡುಗುಮಳೆಯ ಒಂದು ಸಿಡಿಲು ತಂತಿಯ ಮೂಲಕ ಒಳಬಂದರೆ ನಾಲ್ಕೂ ಡಿಸ್ಕು ಒಂದೇ ಕ್ಷಣದಲ್ಲಿ ಹೋಗಬಹುದು. ಕಳ್ಳ ಡಬ್ಬಿಯನ್ನೇ ಹೊತ್ತೊಯ್ಯಬಹುದು. ಮಗು ಆಟವಾಡುತ್ತ ಒಂದು ಫೋಲ್ಡರ್ ಅಳಿಸಿದರೆ ರೇಡ್ ಅದನ್ನು ಎಲ್ಲ ಡಿಸ್ಕಿನಿಂದಲೂ ನಿಷ್ಠೆಯಿಂದ ಅಳಿಸುತ್ತದೆ. 1998ರಲ್ಲಿ ಪಿಕ್ಸಾರ್ ಸ್ಟುಡಿಯೊದಲ್ಲಿ ಟಾಯ್ ಸ್ಟೋರಿ 2 ಚಿತ್ರದ ಕಡತಗಳಿಗೆ ಇಂಥದ್ದೇ ಗತಿಯಾಯಿತು. ಒಂದು ತಪ್ಪು ಆದೇಶಕ್ಕೆ ಬಹುಪಾಲು ಅಳಿಸಿಹೋಯಿತು, ಬ್ಯಾಕಪ್ ತೆಗೆದು ನೋಡಿದರೆ ಅದೂ ಸರಿಯಿರಲಿಲ್ಲ. ಚಿತ್ರ ಉಳಿದದ್ದು ಬಾಣಂತನದ ಕಾರಣಕ್ಕೆ ಮನೆಯಿಂದ ಕೆಲಸ ಮಾಡುತ್ತಿದ್ದ ಗ್ಯಾಲಿನ್ ಸುಸ್ಮನ್ ಅವರ ಮನೆಯ ಕಂಪ್ಯೂಟರಿನಲ್ಲಿದ್ದ ಪ್ರತಿಯಿಂದ.

ಬೇರೆ ಕಡೆ ಇರುವ ಪ್ರತಿಯ ಬೆಲೆ ತಿಳಿಯಲು ಅಮೆರಿಕಕ್ಕೆ ಹೋಗಬೇಕಿಲ್ಲ. ಇದೇ ಸೀಮೆಯ ಸೂಡಿಯಲ್ಲಿ ಚಾಲುಕ್ಯರ ಅಕ್ಕಾದೇವಿಯ ಕಾಲದ, ಅಂದರೆ ಹನ್ನೊಂದನೆಯ ಶತಮಾನದ, ಶಾಸನಗಳಿವೆ. ಅವುಗಳ ಪಾಠವನ್ನು ಎಲ್.ಡಿ. ಬಾರ್ನೆಟ್ ಎಪಿಗ್ರಾಫಿಯಾ ಇಂಡಿಕಾದ 15ನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಕಲ್ಲು ಊರಲ್ಲಿದೆ, ಪುಸ್ತಕ ದೇಶವಿದೇಶದ ಗ್ರಂಥಾಲಯಗಳಲ್ಲಿದೆ. ಕಲ್ಲಿನ ಚಕ್ಕೆ ಎದ್ದರೂ ಅಕ್ಷರ ಉಳಿಯುತ್ತದೆ. ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ ಸೂತ್ರವೂ ಇದನ್ನೇ ಹೇಳುತ್ತದೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಜಾಗದಲ್ಲಿ.

ಇಂಟರ್‌ನೆಟ್ಟಿನಲ್ಲಿ ಏರಿಸಿಡೋಣ ಎಂದರೆ, ಸೆಕೆಂಡಿಗೆ 20 ಮೆಗಾಬಿಟ್ ಏರುವೇಗದಲ್ಲಿ ಹತ್ತು ಟೆರಾಬೈಟಿಗೆ 46 ದಿನ ಹಿಡಿಯುತ್ತದೆ. ಅದೇ ಒಂದು ಡಿಸ್ಕನ್ನು ಚೀಲದಲ್ಲಿಟ್ಟು ಗದಗ ಬಸ್ಸು ಹತ್ತಿದರೆ, ಪ್ರಯಾಣ ಒಂದು ತಾಸು ಎಂದು ಹಿಡಿದರೂ, ಸೆಕೆಂಡಿಗೆ 22 ಗಿಗಾಬಿಟ್ ಸಾಗಿಸಿದಂತಾಯಿತು! ನಮ್ಮ ಹಳ್ಳಿಯ ಮನೆಗಳಿಗೆ ಅಷ್ಟು ವೇಗ ಸಿಗುವುದಿಲ್ಲ. ಪಾಸ್‌ವರ್ಡಿನ ಬೀಗ ಹಾಕಿ ನೆಂಟರ ಮನೆಯ ಟ್ರೆಜರಿಯಲ್ಲಿಟ್ಟು ಬನ್ನಿ, ಹಬ್ಬಕ್ಕೆ ಹೋದಾಗ ಹೊಸ ಪ್ರತಿಯೊಂದಿಗೆ ಅದಲುಬದಲು ಮಾಡಿ.

ಆದ್ದರಿಂದ ಸರ್ವರಿನ ಜಾಗ ಹಿಗ್ಗಿಸಲು ದುಡ್ಡು ಕೂಡಿಸಿದ್ದರೆ, ಅದರಲ್ಲಿ ಮೊದಲ ಡಿಸ್ಕನ್ನು ಡಬ್ಬಿಯ ಹೊರಗಿಡಲು ಕೊಳ್ಳಿ. ಇದ್ದುದೆಲ್ಲವನ್ನೂ ಅದಕ್ಕೆ ನಕಲಿಸಿ, ಬೇರೊಂದು ಕಂಪ್ಯೂಟರಿಗೆ ಚುಚ್ಚಿ, ನಾಲ್ಕಾರು ವಿಡಿಯೊಗಳನ್ನು ನಡುವೆ ಅಲ್ಲಲ್ಲಿ ಓಡಿಸಿ ನೋಡಿ. ಅವು ಸರಿಯಾಗಿ ಓಡಿದ ಮೇಲೆಯೇ ಸರ್ವರಿನ ಡಬ್ಬಿಗೆ ಸ್ಕ್ರೂಡ್ರೈವರ್ ಹಚ್ಚಿ.