ಹೊಸ ಕೋಚೂ ನಮ್ಮ ಅವಸರವೂ

ಹೊಸ ಸೊಸೆಯು ಮನೆಗೆ ಬಂದು ಇಕ್ಕಿದ ಮೊದಲನೆಯ ಸಾರಿನ ರುಚಿಯಿಂದಲೇ ಅವಳ ಮುಂದಿನ ಐವತ್ತು ವರ್ಷಗಳ ಗೃಹಕೃತ್ಯವನ್ನು ಅಳೆದುಬಿಡುವ ಜನರು ನಮ್ಮಲ್ಲಿ ಕಡಮೆಯಿಲ್ಲ. ಕಾಲ್ಚೆಂಡಾಟದ ತಂಡಕ್ಕೆ ನೂತನ ಶಿಕ್ಷಕನು ಬಂದಾಗ ಅಭಿಮಾನಿಗಳು ಮಾಡುವುದೂ ಇದನ್ನೇ. ಆತನು ಮೈದಾನಕ್ಕೆ ಕಾಲಿಡುವ ಮೊದಲೇ ಕೆಲವರು ಜಯಘೋಷ ಮಾಡುವರು. ಎರಡು ಪಂದ್ಯಗಳು ಸೋತವೆಂದರೆ ಅವೇ ಕಂಠಗಳು ಆತನನ್ನು ಊರಿಗೆ ಕಳುಹಿಸಿರೆಂದು ಕೂಗುವುವು. ಮೊದಲಿನ ಜಯಘೋಷಕ್ಕೂ ಆಧಾರವಿಲ್ಲ, ಅನಂತರದ ಧಿಕ್ಕಾರಕ್ಕೂ ಆಧಾರವಿಲ್ಲ. ಹಾಗಾದರೆ ಹೊಸದಾಗಿ ಬಂದ ಶಿಕ್ಷಕನನ್ನು ವಿವೇಕಿಯಾದ ಅಭಿಮಾನಿಯು ಯಾವ ಕಣ್ಣಿನಿಂದ ನೋಡಬೇಕು? ಬಹುಕಾಲ ಪಾಠಶಾಲೆಯಲ್ಲಿ ಸಂಸ್ಕೃತವನ್ನು ಕಲಿಸಿ, ಈಗ ಮಣ್ಣಗುಡ್ಡದ ಮನೆಯಲ್ಲಿ ವಿಶ್ರಾಂತನಾಗಿರುವ ಈ ಲೇಖಕನಿಗೆ ಅದು ಆಟದ ಪ್ರಶ್ನೆ ಮಾತ್ರವಲ್ಲ, ವಿದ್ಯೆಯ ಪ್ರಶ್ನೆಯಾಗಿಯೂ ತೋರುತ್ತದೆ.

ಆಟದ ಪರಿಚಯವಿಲ್ಲದ ಗೃಹಸ್ಥರಿಗಾಗಿ ಒಂದೆರಡು ಮಾತು. ಕಾಲ್ಚೆಂಡಾಟದಲ್ಲಿ ಪಕ್ಷವೊಂದಕ್ಕೆ ೧೧ ಮಂದಿ; ಆಟದ ಅವಧಿ ೯೦ ನಿಮಿಷ. ಈ ೧೧ ಮಂದಿಯನ್ನು ಆರಿಸಿ, ಯಾರು ಎಲ್ಲಿ ನಿಲ್ಲಬೇಕು, ಯಾವಾಗ ಮುನ್ನುಗ್ಗಬೇಕು, ಯಾವಾಗ ಹಿಂಜರಿದು ಕೋಟೆಯನ್ನು ಕಾಯಬೇಕು ಎಂಬುದನ್ನು ದಿನದಿನವೂ ಅಭ್ಯಾಸ ಮಾಡಿಸುವವನೇ ಕೋಚ್. ಶಾಲೆಗೆ ಹೆಡ್‌ಮಾಸ್ತರರಿರುವಂತೆ ದೊಡ್ಡ ತಂಡಗಳಿಗೆ ಹೆಡ್ ಕೋಚ್ ಇರುತ್ತಾನೆ. ಆತನ ಕೈಕೆಳಗೆ ಸಹಾಯಕರಿರುತ್ತಾರೆ. ಪಂದ್ಯದ ದಿನ ಆತನು ಗೆರೆಯ ಹೊರಗೆ ನಿಂತಿರುತ್ತಾನೆ. ಚೆಂಡನ್ನು ಒದೆಯುವ ಅಧಿಕಾರ ಆತನಿಗಿಲ್ಲ. ಪರೀಕ್ಷೆಯ ಕೊಠಡಿಯಲ್ಲಿ ವಿದ್ಯಾರ್ಥಿಯು ಬರೆಯುತ್ತಿರುವಾಗ ಹೊರಗೆ ನಿಂತಿರುವ ಉಪಾಧ್ಯಾಯನ ಅವಸ್ಥೆಯೇ ಆತನದು. ಉತ್ತರವನ್ನು ಬರೆಯುವವನು ಬೇರೆ, ಉತ್ತರವಾದಿಯಾಗುವವನು ಬೇರೆ.

ಮಂಗಳೂರಿನಲ್ಲಿ ಈ ಆಟಕ್ಕೆ ಪ್ರೀತಿಯಿದೆ. ನೆಹರು ಮೈದಾನದಲ್ಲಿ ಹುಡುಗರು ಚೆಂಡಿನ ಹಿಂದೆ ಓಡುವುದನ್ನು ನೋಡಲು ದಾರಿಹೋಕರೂ ನಿಲ್ಲುವುದುಂಟು. ಆದರೆ ದೇಶದ ಶ್ರೇಷ್ಠ ತಂಡಗಳೊಡನೆ ಸೆಣಸುವ ತಂಡವನ್ನು ಕಾಣಬೇಕಾದರೆ ನಮ್ಮವರು ಘಟ್ಟದ ಮೇಲಣ ಬೆಂಗಳೂರಿನ ಕಡೆಗೇ ನೋಡಬೇಕು. ೨೦೧೩ರಲ್ಲಿ ಸ್ಥಾಪಿತವಾದ ‘ಬೆಂಗಳೂರು ಎಫ್.ಸಿ.’ಯನ್ನು ನಮ್ಮ ಕರಾವಳಿಯ ತರುಣರು ತಮ್ಮದೆಂದೇ ಭಾವಿಸಿದ್ದಾರೆ. ಕಂಠೀರವ ಕ್ರೀಡಾಂಗಣಕ್ಕೆ ಹೋಗಲಾರದವರು ಮನೆಯಲ್ಲಿಯೇ ಕುಳಿತು ದೂರದರ್ಶನದಲ್ಲಿ ನೋಡುತ್ತಾರೆ. ಈ ತಂಡದ ಚರಿತ್ರೆಯೇ ನಮ್ಮ ಪ್ರಶ್ನೆಗೆ ಒಳ್ಳೆಯ ಪಾಠಪುಸ್ತಕವಾಗಿದೆ.

ಮೊದಲನೆಯ ಶಿಕ್ಷಕರು ಇಂಗ್ಲೆಂಡಿನ ಆಶ್ಲಿ ವೆಸ್ಟ್‌ವುಡ್. ಆಗತಾನೆ ಹುಟ್ಟಿದ ತಂಡವನ್ನು ಕೈಗೆತ್ತಿಕೊಂಡು ಮೊದಲನೆಯ ವರ್ಷವೇ, ಎಂದರೆ ೨೦೧೩-೧೪ರಲ್ಲಿ, ಐ-ಲೀಗಿನ ಪ್ರಶಸ್ತಿಯನ್ನು ಗೆಲ್ಲಿಸಿದರು. ೨೦೧೫-೧೬ರಲ್ಲಿ ಮತ್ತೊಮ್ಮೆ ಗೆಲ್ಲಿಸಿದರು. ಅವರ ತರುವಾಯ ೨೦೧೬ರಲ್ಲಿ ಸ್ಪೇನಿನ ಆಲ್ಬರ್ಟ್ ರೋಕಾ ಬಂದರು. ಅದೇ ವರ್ಷದ ಅಕ್ಟೋಬರಿನಲ್ಲಿ ನಮ್ಮ ತಂಡವು ಮಲೇಷ್ಯದ ಜೋಹೋರ್ ತಂಡವನ್ನು ಕಂಠೀರವದಲ್ಲಿ ೩-೧ರಿಂದ ಮಣಿಸಿ, ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯಕ್ಕೆ ಹೋದ ಮೊದಲನೆಯ ಭಾರತೀಯ ತಂಡವೆನಿಸಿತು. ದೋಹಾದಲ್ಲಿ ನಡೆದ ಆ ಅಂತಿಮ ಪಂದ್ಯದಲ್ಲಿ ಇರಾಕಿನ ತಂಡಕ್ಕೆ ೦-೧ರಿಂದ ಸೋತರೂ ಆ ಸೋಲಿನಲ್ಲಿ ಮಾನವಿತ್ತು. ರೋಕಾರವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾದ್ರಾತ್ ೨೦೧೮ರಲ್ಲಿ ಮುಖ್ಯ ಸ್ಥಾನಕ್ಕೇರಿ, ೨೦೧೯ರ ಮಾರ್ಚ್ ೧೭ರಂದು ಮುಂಬಯಿಯಲ್ಲಿ ಗೋವಾ ತಂಡವನ್ನು ೧-೦ರಿಂದ ಸೋಲಿಸಿ ಇಂಡಿಯನ್ ಸೂಪರ್ ಲೀಗಿನ ಕಿರೀಟವನ್ನು ತಂದರು.

ಇಲ್ಲಿಯವರೆಗೆ ಓದಿದವರಿಗೆ ಹೊಸ ಕೋಚ್ ಎಂದರೆ ಹೊಸ ಕಪ್ಪು ಎಂದೇ ತೋರೀತು. ಅಭಿಮಾನಿಗಳಿಗೂ ಹಾಗೆಯೇ ತೋರಿತು; ತೊಂದರೆಯು ಹುಟ್ಟಿದ್ದು ಅಲ್ಲಿಯೇ. ಕಿರೀಟವನ್ನು ತಂದ ಕ್ವಾದ್ರಾತರು ಎರಡು ವರ್ಷ ತುಂಬುವುದರೊಳಗೆ, ೨೦೨೧ರ ಜನವರಿಯಲ್ಲಿ, ಸಾಲುಸೋಲುಗಳ ಬಳಿಕ ತಂಡವನ್ನು ಬಿಟ್ಟು ತೆರಳಬೇಕಾಯಿತು. ಆಮೇಲೆ ಜರ್ಮನಿಯ ಮಾರ್ಕೊ ಪೆಟ್ಸಾಯುವೋಲಿ ಬಂದರು. ೨೦೨೧-೨೨ರ ಲೀಗಿನಲ್ಲಿ ತಂಡಕ್ಕೆ ಆರನೆಯ ಸ್ಥಾನವಾಯಿತು, ಅವರೂ ಹೋದರು. ೨೦೨೨ರಲ್ಲಿ ಬಂದ ಸೈಮನ್ ಗ್ರೇಸನ್ ಅದೇ ಸೆಪ್ಟೆಂಬರಿನಲ್ಲಿ ಡುರಾಂಡ್ ಕಪ್ಪನ್ನು ಗೆಲ್ಲಿಸಿದರು. ಲೀಗಿನಲ್ಲಿ ಮೊದಲು ಎಡವಿದರೂ ಕಡೆಗೆ ೮ ಪಂದ್ಯಗಳನ್ನು ಸಾಲಾಗಿ ಗೆದ್ದು, ೨೦೨೩ರ ಮಾರ್ಚಿನಲ್ಲಿ ಅಂತಿಮ ಪಂದ್ಯಕ್ಕೆ ಬಂದು, ಪೆನಾಲ್ಟಿ ಒದೆತಗಳಲ್ಲಿ ಮಾತ್ರ ಸೋತರು. ಅದೇ ವರ್ಷದ ಡಿಸೆಂಬರಿನಲ್ಲಿ ಅವರನ್ನೂ ಬೀಳ್ಕೊಟ್ಟದ್ದಾಯಿತು. ಅವರ ಸ್ಥಾನಕ್ಕೆ, ಹಿಂದೆ ಇದೇ ತಂಡದಲ್ಲಿ ಸಹಾಯಕರಾಗಿದ್ದ ಸ್ಪೇನಿನ ಜೆರಾರ್ಡ್ ಜರಾಗೋಜಾ ಬಂದರು. ಸುಮಾರು ಹತ್ತು ವರ್ಷಗಳಲ್ಲಿ ಆರು ಮಂದಿ ಮುಖ್ಯ ಶಿಕ್ಷಕರು! ಒಂದು ಶಾಲೆಗೆ ಹತ್ತು ವರ್ಷಗಳಲ್ಲಿ ಆರು ಮಂದಿ ಹೆಡ್‌ಮಾಸ್ತರರು ಬಂದುಹೋದರೆ ಮಕ್ಕಳ ಗತಿಯೇನೆಂದು ನಾವು ಕೇಳುವುದಿಲ್ಲವೆ?

ಜರಾಗೋಜಾರವರ ವಿಷಯವು ವಿಶೇಷವಾಗಿ ಮನನಯೋಗ್ಯವಾಗಿದೆ. ಅವರು ಬಂದ ೨೦೨೩-೨೪ರ ಋತುವಿನಲ್ಲಿ ತಂಡವು ಹನ್ನೆರಡರಲ್ಲಿ ಹತ್ತನೆಯ ಸ್ಥಾನಕ್ಕೆ ಇಳಿದಿತ್ತು. ಆ ದಿನಗಳಲ್ಲಿ ನೆರೆಮನೆಯ ಕಾಲೇಜು ಹುಡುಗನೊಬ್ಬನು ಗೇಟಿನ ಬಳಿ ನಿಂತು, “ಮಾಸ್ಟ್ರೇ, ಈ ಕೋಚನ್ನೂ ಕಳುಹಿಸುವುದೇ ಒಳ್ಳೆಯದಲ್ಲವೊ?” ಎಂದು ಕೇಳಿದನು. “ಜನವರಿಯಲ್ಲಿ ಶಾಲೆಗೆ ಸೇರಿದ ಮಾಸ್ತರನನ್ನು ಮಾರ್ಚಿಯ ಪರೀಕ್ಷೆಯ ಫಲಕ್ಕಾಗಿ ಯಾರೂ ಗಲ್ಲಿಗೇರಿಸುವುದಿಲ್ಲ, ಮಗಾ, ಬರುವ ವರ್ಷ ನೋಡುವ,” ಎಂದು ಉತ್ತರವಾಯಿತು. ಹುಡುಗನಿಗೆ ಸಮಾಧಾನವಾದಂತೆ ಕಾಣಲಿಲ್ಲ. ಆದರೆ ತಂಡದ ಒಡೆಯರು ಆ ಸಲ ತಾಳಿಕೊಂಡರು. ೨೦೨೪-೨೫ರಲ್ಲಿ ಅದೇ ಶಿಕ್ಷಕರ ಕೈಯಲ್ಲಿ ಅದೇ ತಂಡವು ಅಂತಿಮ ಪಂದ್ಯದವರೆಗೆ ಏರಿತು; ೨೦೨೫ರ ಏಪ್ರಿಲ್ ೧೨ರಂದು ಕೋಲ್ಕತ್ತೆಯಲ್ಲಿ ಮೋಹನ್ ಬಗಾನ್ ತಂಡಕ್ಕೆ ಹೆಚ್ಚುವರಿ ಅವಧಿಯಲ್ಲಿ ೧-೨ರಿಂದ ಸೋತಿತು. ನಲವತ್ತು ವರ್ಷ ತುಂಬಿದ ಸುನಿಲ್ ಛೇತ್ರಿಯವರು ಆ ಋತುವಿನ ಲೀಗಿನಲ್ಲಿ ೧೪ ಗೋಲುಗಳನ್ನು ಹೊಡೆದರು. ಮಣ್ಣೂ ಅದೇ, ಬೀಜವೂ ಬಹುಮಟ್ಟಿಗೆ ಅದೇ. ನಡುವೆ ಸಂದದ್ದು ಒಂದು ಪೂರ್ಣ ವರ್ಷದ ಅಭ್ಯಾಸ.

ಶಿಕ್ಷಕನ ಯೋಗ್ಯತೆಯನ್ನು ಅಳೆಯುವುದು ಹೇಗೆಂಬ ಚರ್ಚೆಯು ನಮ್ಮ ದೇಶಕ್ಕೆ ಹೊಸತಲ್ಲ. ಕಾಳಿದಾಸನ ‘ಮಾಲವಿಕಾಗ್ನಿಮಿತ್ರ’ದ ಮೊದಲನೆಯ ಅಂಕದಲ್ಲಿ ಗಣದಾಸ, ಹರದತ್ತರೆಂಬ ಇಬ್ಬರು ನಾಟ್ಯಾಚಾರ್ಯರು ತಮ್ಮೊಳಗೆ ಯಾರು ಹೆಚ್ಚಿನವರೆಂದು ಜಗಳಾಡುತ್ತ ಅರಸನೆದುರಿಗೆ ಬರುತ್ತಾರೆ. ತೀರ್ಪು ಹೇಳಬೇಕಾದವಳು ಪಂಡಿತೆಯಾದ ಪರಿವ್ರಾಜಿಕೆ. ಅವಳು ಕಾಣುವ ಭೇದವು ಸೂಕ್ಷ್ಮವಾದುದು: ಕೆಲವರಲ್ಲಿ ವಿದ್ಯೆಯು ತಮ್ಮೊಳಗೇ ಚೆನ್ನಾಗಿ ನೆಲೆಸಿರುತ್ತದೆ, ಮತ್ತೆ ಕೆಲವರಿಗೆ ಅದನ್ನು ಇನ್ನೊಬ್ಬರಲ್ಲಿ ಇಳಿಸುವ ಶಕ್ತಿಯಿರುತ್ತದೆ, ಎರಡೂ ಉಳ್ಳವನೇ ಶಿಕ್ಷಕರ ಸಾಲಿನಲ್ಲಿ ಮುಂದೆ ನಿಲ್ಲತಕ್ಕವನು. ಆದುದರಿಂದ ಆಚಾರ್ಯರಿಬ್ಬರೂ ತಾವೇ ಕುಣಿದು ತೋರಿಸುವುದಲ್ಲ, ಅವರ ಶಿಷ್ಯೆಯರ ಪ್ರಯೋಗವನ್ನು ನೋಡಬೇಕೆಂದು ಗೊತ್ತಾಗುತ್ತದೆ. ಕೋಚನ್ನು ಅಳೆಯುವ ಕೋಲು ಇದೇ. ಆತನು ತನ್ನ ಕಾಲದಲ್ಲಿ ಎಷ್ಟು ದೊಡ್ಡ ಆಟಗಾರನಾಗಿದ್ದನು, ಯಾವ ದೇಶದಿಂದ ಬಂದನು, ಎಷ್ಟು ಸಂಬಳವೆಂಬುದೆಲ್ಲ ಗೌಣ; ಆತನ ಕೈಯಲ್ಲಿ ಶಿಷ್ಯನು ಏನಾದನೆಂಬುದೇ ಮುಖ್ಯ.

ಈ ಕೋಲಿನಿಂದ ಅಳೆದರೆ ಹಳೆಯ ಲೆಕ್ಕಗಳು ಬದಲಾಗುತ್ತವೆ. ಲೀಗಿನ ಪಟ್ಟಿಯಲ್ಲಿ ಆರನೆಯ ಸ್ಥಾನವನ್ನಷ್ಟೇ ತಂದ ಪೆಟ್ಸಾಯುವೋಲಿಯವರ ಋತುವಿನಲ್ಲಿಯೇ, ತಂಡದ ಕಿರಿಯರ ಪಂಕ್ತಿಯಿಂದ ಮೇಲೆ ಬಂದ ಮಣಿಪುರದ ತರುಣ ರೋಶನ್ ನವೋರೆಮ್ ಆ ವರ್ಷದ ಉದಯೋನ್ಮುಖ ಆಟಗಾರನೆಂಬ ಪುರಸ್ಕಾರವನ್ನು ಪಡೆದನು. ಅದು ಕಪಾಟಿನಲ್ಲಿ ಇಡತಕ್ಕ ಕಪ್ಪಲ್ಲ. ಆದರೆ ಮುಂದೆ ಬಂದ ಶಿಕ್ಷಕರೆಲ್ಲರೂ ಅನುಭವಿಸಿದ ಆಸ್ತಿ. ಒಬ್ಬನು ನೆಟ್ಟ ತೆಂಗಿನ ಸಸಿಯ ಎಳನೀರನ್ನು ಇನ್ನೊಬ್ಬನು ಕುಡಿಯುವುದು ಲೋಕರೂಢಿಯೇ. ಕುಡಿಯುವಾಗ ನೆಟ್ಟವನನ್ನು ನೆನೆಯುವುದು ಸೌಜನ್ಯ.

ತಾಳ್ಮೆಯ ಫಲಕ್ಕೆ ನಮ್ಮ ದೇಶದ ಮಹೋದಾಹರಣೆಯು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮರು. ಅವರು ವೃತ್ತಿಯಿಂದ ಶಾಲಾ ಉಪಾಧ್ಯಾಯರಾಗಿದ್ದವರು. ಅವರ ಶಿಕ್ಷಣದಲ್ಲಿ ಭಾರತವು ೧೯೫೧ರ ದೆಹಲಿಯ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನನ್ನು ೧-೦ರಿಂದ ಗೆದ್ದು ಚಿನ್ನವನ್ನು ಪಡೆಯಿತು. ಮರುವರ್ಷವೇ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಯುಗೊಸ್ಲಾವಿಯಾದ ಎದುರು ೧-೧೦ರ ಪರಾಭವ! ಆ ದಿನ ಭಾರತದ ಪಾಲಿಗೆ ಬಂದ ಒಂದೇ ಗೋಲನ್ನು ಹೊಡೆದವರು ನಮ್ಮ ಬೆಂಗಳೂರಿನ ಅಹಮದ್ ಖಾನ್. ನಮ್ಮವರಲ್ಲಿ ಅನೇಕರು ಬರಿಗಾಲಿನಲ್ಲಿ ಆಡಿದ್ದರು. ಇಂದಿನ ಅಭಿಮಾನಿಗಳ ಕೈಯಲ್ಲಿ ಅಧಿಕಾರವಿದ್ದಿದ್ದರೆ ರಹೀಮರ ಕೆಲಸವು ಆ ಸಾಯಂಕಾಲವೇ ಮುಗಿದುಹೋಗುತ್ತಿತ್ತು. ಮುಗಿಯಲಿಲ್ಲ. ಆ ಸೋಲಿನಿಂದ ಪಾಠ ಕಲಿತು, ಬೂಟು ಹಾಕಿ ಆಡುವ ನಿಯಮವು ಬಂದಿತು. ನಾಲ್ಕು ವರ್ಷಗಳ ಬಳಿಕ ೧೯೫೬ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಅವರ ತಂಡವು ಆಸ್ಟ್ರೇಲಿಯವನ್ನು ೪-೨ರಿಂದ ಸೋಲಿಸಿ, ಕಡೆಗೆ ನಾಲ್ಕನೆಯ ಸ್ಥಾನವನ್ನು ಪಡೆಯಿತು. ೧೯೬೨ರಲ್ಲಿ ಜಕಾರ್ತದಲ್ಲಿ ದಕ್ಷಿಣ ಕೊರಿಯವನ್ನು ೨-೧ರಿಂದ ಗೆದ್ದು ಮರಳಿ ಏಷ್ಯದ ಚಿನ್ನವನ್ನು ತಂದಿತು. ಮರುವರ್ಷ ಜೂನಿನಲ್ಲಿ ಅರ್ಬುದ ರೋಗದಿಂದ ರಹೀಮರು ತೀರಿಕೊಂಡರು. ಅವರ ತರುವಾಯ ಇಂದಿನವರೆಗೂ ಆ ಚಿನ್ನವು ಭಾರತದ ಕಾಲ್ಚೆಂಡಾಟಕ್ಕೆ ಮರಳಿ ದೊರೆತಿಲ್ಲ.

ನಮ್ಮ ನಾಡಿನ ಶಿಕ್ಷಕರನ್ನೂ ಇಲ್ಲಿ ಮರೆಯಬಾರದು. ರಾಜ್ಯ ರಾಜ್ಯಗಳ ನಡುವಣ ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯವು ೧೯೬೮-೬೯ರಲ್ಲಿ ಗೆದ್ದ ಮೇಲೆ ಕರ್ನಾಟಕಕ್ಕೆ ಅದು ಅರ್ಧಶತಮಾನಕ್ಕೂ ಮಿಕ್ಕಿ ಕೈಗೆಟುಕಲಿಲ್ಲ. ೨೦೨೩ರ ಮಾರ್ಚ್ ೪ರಂದು ಸೌದಿ ಅರೇಬಿಯದ ರಿಯಾದಿನಲ್ಲಿ ಮೇಘಾಲಯವನ್ನು ೩-೨ರಿಂದ ಸೋಲಿಸಿ ನಮ್ಮವರು ಅದನ್ನು ಮರಳಿ ತಂದಾಗ, ಗೆರೆಯ ಹೊರಗೆ ನಿಂತಿದ್ದ ಶಿಕ್ಷಕರು ರವಿ ಬಾಬು ರಾಜು. ವಿದೇಶದ ಹೆಸರುಗಳನ್ನು ಬಾಯಿಪಾಠ ಹೇಳುವ ನಮ್ಮ ತರುಣರಲ್ಲಿ ಈ ಹೆಸರನ್ನು ಬಲ್ಲವರು ಎಷ್ಟು ಮಂದಿಯೋ!

ಹಾಗೆಂದು ತಾಳ್ಮೆಯೆಂದರೆ ಕಣ್ಣು ಮುಚ್ಚಿ ಕುಳಿತುಕೊಳ್ಳುವುದಲ್ಲ. ಕಪ್ಪು ಬಾರದ ಕಾಲದಲ್ಲಿಯೂ ನೂತನ ಶಿಕ್ಷಕನಲ್ಲಿ ಗಮನಿಸತಕ್ಕ ಮೂರು ಸಂಗತಿಗಳಿವೆ. ಮೊದಲನೆಯದು, ಪಂದ್ಯದ ಕೊನೆಯ ಕಾಲುಗಂಟೆ. ಆಗ ಕಾಲು ಸೋತು, ಉಸಿರು ಕಟ್ಟಿ, ಬುದ್ಧಿಯು ಚದುರುತ್ತದೆ. ಆ ಹೊತ್ತಿನಲ್ಲಿಯೂ ತಂಡವು ತನ್ನ ಕ್ರಮವನ್ನು ಬಿಡದೆ ಆಡಿದರೆ ಅಭ್ಯಾಸವು ಸರಿಯಾಗಿ ನಡೆಯುತ್ತಿದೆಯೆಂದು ತಿಳಿಯಬೇಕು. ಎರಡನೆಯದು, ಕಿರಿಯರ ಸ್ಥಿತಿ. ಹದಿನೆಂಟು-ಇಪ್ಪತ್ತರ ಹುಡುಗರಿಗೆ ಆಡುವ ಅವಕಾಶ ಸಿಗುತ್ತಿದೆಯೊ, ಮೊದಲ ತಿಂಗಳಲ್ಲಿ ಮಾಡಿದ ತಪ್ಪನ್ನು ಅವರು ಆರನೆಯ ತಿಂಗಳಲ್ಲಿಯೂ ಮಾಡುತ್ತಿದ್ದಾರೆಯೊ ಎಂಬುದನ್ನು ನೋಡಬೇಕು. ಮೂರನೆಯದು, ಸೋತ ದಿನ ಶಿಕ್ಷಕನಾಡುವ ಮಾತು. ಗೆಲವನ್ನು ಹುಡುಗರಿಗೆ ಕೊಟ್ಟು ಸೋಲನ್ನು ತಾನು ಹೊರುವವನು ಗುರು. ಗೆಲವನ್ನು ತಾನಿಟ್ಟುಕೊಂಡು ಸೋಲನ್ನು ಹುಡುಗರ ತಲೆಗೆ ಕಟ್ಟುವವನು ಬರಿಯ ಸಂಬಳಗಾರ. ಒಂದು ಪೂರ್ಣ ಋತುವು ಕಳೆದ ಮೇಲೂ ಈ ಮೂರರಲ್ಲಿ ಒಂದೂ ಕಾಣದಿದ್ದರೆ, ಆಗ ಆತನನ್ನು ಬದಲಿಸಿರೆಂದು ಕೇಳಲು ಅಭಿಮಾನಿಗೆ ನ್ಯಾಯವಾದ ಅಧಿಕಾರವಿದೆ.

ಇನ್ನೊಂದು ಮಾತು. ಮೇಲೆ ಹೇಳಿದ ನಾಟಕದಲ್ಲಿಯೇ ಗಣದಾಸನು ತನ್ನ ಶಿಷ್ಯೆಯನ್ನು ಮೆಚ್ಚಿಕೊಳ್ಳುತ್ತ, ಮೋಡದ ನೀರು ಕಡಲಿನ ಚಿಪ್ಪಿನಲ್ಲಿ ಬಿದ್ದರೆ ಮುತ್ತಾಗುವಂತೆ, ಗುರುವಿನ ವಿದ್ಯೆಯು ಸತ್ಪಾತ್ರದಲ್ಲಿ ಬಿದ್ದಾಗ ಬೇರೊಂದು ಗುಣವನ್ನು ತಳೆಯುತ್ತದೆಂಬ ಭಾವವನ್ನು ಹೇಳುತ್ತಾನೆ. ಬೆಂಗಳೂರನ್ನು ಬಿಟ್ಟು ಹೋದ ಕ್ವಾದ್ರಾತರು ೨೦೨೪ರ ಜನವರಿಯಲ್ಲಿ ಈಸ್ಟ್ ಬೆಂಗಾಲ್ ತಂಡಕ್ಕೆ ಸೂಪರ್ ಕಪ್ಪನ್ನು ಗೆಲ್ಲಿಸಿಕೊಟ್ಟರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಲ್ಲಿಂದಲೂ ತೆರಳಿದರು. ಒಬ್ಬನೇ ಮನುಷ್ಯ, ಒಂದೇ ವಿದ್ಯೆ. ಫಲ ಮಾತ್ರ ಬೇರೆ ಬೇರೆ. ಮಳೆಯನ್ನು ಮಾತ್ರ ಹೊಗಳುವುದೂ ಮಳೆಯನ್ನು ಮಾತ್ರ ತೆಗಳುವುದೂ ಅರ್ಧಸತ್ಯ. ಚಿಪ್ಪಿನ ಯೋಗ್ಯತೆ, ಒಡೆಯರ ನಡತೆ, ಕಾಲದ ಅನುಕೂಲ ಇವೆಲ್ಲವೂ ಸೇರಿಯೇ ಮುತ್ತಾಗುವುದು.

ಈ ವಿಚಾರವನ್ನು ಗೃಹಸ್ಥರ ಪತ್ರಿಕೆಯಲ್ಲಿ ಇಷ್ಟು ವಿಸ್ತರಿಸಿದುದಕ್ಕೆ ಕಾರಣವುಂಟು. ದೊಡ್ಡ ತಂಡದ ಕೋಚಿಗೆ ನಮ್ಮ ಹೊಗಳಿಕೆಯಿಂದಲೂ ಬೈಗುಳಿನಿಂದಲೂ ಆಗತಕ್ಕದ್ದು ಅಲ್ಪ. ಆದರೆ ಮನೆಯ ಜಗಲಿಯಲ್ಲಿ ಕುಳಿತು ನಾವು ಆಡುವ ಮಾತನ್ನು ನಮ್ಮ ಮಕ್ಕಳು ಕೇಳುತ್ತಿರುತ್ತಾರೆ. ಅವರಿಗೂ ಶಾಲೆ ಕಾಲೇಜುಗಳಲ್ಲಿ ಆಟದ ಶಿಕ್ಷಕರಿದ್ದಾರೆ, ಸಂಗೀತದ ಶಿಕ್ಷಕರಿದ್ದಾರೆ, ಗಣಿತದ ಶಿಕ್ಷಕರಿದ್ದಾರೆ. ಎರಡು ಸೋಲಿಗೆ ಗುರುವನ್ನು ಬದಲಿಸಬೇಕೆಂಬ ನೀತಿಯನ್ನು ಅವರು ನಮ್ಮ ಬಾಯಿಂದಲೇ ಕಲಿತರೆ, ನಾಳೆ ಕಠಿಣವಾದ ಪಾಠವು ಬಂದಾಗ ಪುಸ್ತಕವನ್ನು ಮಡಿಸಿ ಗುರುವನ್ನು ದೂರುವುದನ್ನೂ ಕಲಿಯುವರು. ಸೋತ ಸಂಜೆಯಲ್ಲಿಯೂ “ಆ ಎಡಬದಿಯ ಹುಡುಗ ಕಳೆದ ತಿಂಗಳಿಗಿಂತ ಇಂದು ಚೆನ್ನಾಗಿ ಆಡಿದ, ನೋಡಿದೆಯಾ?” ಎಂದು ತಂದೆಯೊಬ್ಬನು ಮಗನಿಗೆ ತೋರಿಸಿಕೊಟ್ಟರೆ, ಆ ಮಗನು ಆಟವನ್ನು ನೋಡಲು ಮಾತ್ರವಲ್ಲ, ವಿದ್ಯೆಯನ್ನು ಗಳಿಸಲೂ ಅರ್ಹನಾಗುವನು. ಹೊಸ ಕೋಚಿಗೆ ಒಂದು ಪೂರ್ಣ ವರ್ಷ. ಅದು ಅಭಿಮಾನಿಯು ಮಾಡುವ ದಾನವಲ್ಲ, ಕಲಿಸುವವನಿಗೆ ಸಲ್ಲತಕ್ಕ ಋಣ.