ನೀರಿನ ಮೆಟ್ಟಿಲು ಹತ್ತುವ ಹಡಗು

ಮಕ್ಕಳೇ, ಸಾವಿರಾರು ಟನ್ ತೂಕದ ಹಡಗನ್ನು 26 ಮೀಟರ್ ಮೇಲಕ್ಕೆ ಎತ್ತಬೇಕು. ಕ್ರೇನ್ ಇಲ್ಲ, ಪಂಪೂ ಇಲ್ಲ. ಹ್ಯಾಂಗ ಎತ್ತೋದು?

ಉತ್ತರ ನಮ್ಮ ನದಿಯ ದಾರಿಯಲ್ಲೇ ಇದೆ. ನಾರಾಯಣಖೇಡ ಕಡೆ ಹರಿಯುವ ಮಂಜೀರಾ ಮುಂದೆ ಗೋದಾವರಿ ಸೇರುತ್ತದೆ. ಗೋದಾವರಿ ದಂಡೆ ಹಿಡಿದು ಸಮುದ್ರದ ಕಡೆ ಹೋದರೆ ಧವಳೇಶ್ವರಂ ಸಿಗುತ್ತದೆ. ಎಂಜಿನಿಯರ್ ಆರ್ಥರ್ ಕಾಟನ್ 1847ರಿಂದ 1852ರವರೆಗೆ ಅಲ್ಲಿ ನದಿಗೆ ಅಡ್ಡಕಟ್ಟೆ ಕಟ್ಟಿಸಿದರು. ಅಲ್ಲಿಂದ ಹೊರಟ ಕಾಲುವೆಗಳು ಹೊಲಕ್ಕೆ ನೀರು ಕೊಟ್ಟವು. ಅದೇ ನೀರಿನ ಮೇಲೆ ಸರಕಿನ ದೋಣಿಗಳೂ ಓಡಿದವು. ನದಿಯ ನೀರು ಮೇಲೆ, ಕಾಲುವೆಯ ನೀರು ಕೆಳಗೆ. ದೋಣಿ ದಾಟಲು ಕಟ್ಟಿದ ಬಾಗಿಲುಗಳ ಕೋಣೆಗೆ ಆ ಕಡೆ ಜನ 'ಲಾಕು' ಅಂತಾರೆ.

ಲಾಕು ಕೆಲಸ ಮಾಡುವ ರೀತಿ ನೋಡ್ರಿ:

1. ಕೆಳಗಿನ ಬಾಗಿಲು ತೆರೆಯುತ್ತದೆ, ದೋಣಿ ಒಳಗೆ ಬರುತ್ತದೆ, ಬಾಗಿಲು ಮುಚ್ಚುತ್ತದೆ.
2. ಮೇಲಿನ ನೀರನ್ನು ತೂಬಿನಿಂದ ಕೋಣೆಗೆ ಬಿಡುತ್ತಾರೆ. ನೀರು ಏರಿದಂತೆ ದೋಣಿಯೂ ಏರುತ್ತದೆ.
3. ಒಳಗಿನ ನೀರು, ಮೇಲಿನ ನೀರು ಸಮವಾದಾಗ ಮೇಲಿನ ಬಾಗಿಲು ತೆರೆಯುತ್ತಾರೆ. ದೋಣಿ ಮುಂದೆ ಸಾಗುತ್ತದೆ.

ಇಳಿಯಬೇಕಾದರೆ ಇದೇ ಕೆಲಸ ತಿರುವುಮುರುವು.

ಇದೇ ಉಪಾಯ ದೊಡ್ಡದಾಗಿ ಕಾಣೋದು ಪನಾಮಾ ಕಾಲುವೆಯಲ್ಲಿ. 1914ರ ಆಗಸ್ಟ್ 15ರಂದು ತೆರೆದ ಈ ಕಾಲುವೆ ಅಟ್ಲಾಂಟಿಕ್, ಪೆಸಿಫಿಕ್ ಸಾಗರಗಳನ್ನು ಜೋಡಿಸುತ್ತದೆ. ನಡುವೆ ಇರುವ ಗಾಟೂನ್ ಸರೋವರ ಸಮುದ್ರಕ್ಕಿಂತ ಸುಮಾರು 26 ಮೀಟರ್ ಎತ್ತರ. ಹಡಗು ಒಂದು ಕಡೆ ಮೂರು ಮೆಟ್ಟಿಲು ಹತ್ತಿ, ಸರೋವರ ದಾಟಿ, ಇನ್ನೊಂದು ಕಡೆ ಮೂರು ಮೆಟ್ಟಿಲು ಇಳಿಯುತ್ತದೆ. ಹಳೆಯ ಲಾಕಿನ ಒಂದು ಕೋಣೆ 305 ಮೀಟರ್ ಉದ್ದ. ಅಂದರೆ 23 ಕಬಡ್ಡಿ ಅಂಗಳಗಳನ್ನು ಸಾಲಾಗಿ ಹಾಕಿದಷ್ಟು! ಅದು ಸುಮಾರು 8 ನಿಮಿಷದಲ್ಲಿ ತುಂಬಬಲ್ಲದು. ಮಿರಾಫ್ಲೋರೆಸ್‌ನಲ್ಲಿ ನೋಡುಗರಿಗೆಂದೇ ಗ್ಯಾಲರಿ ಇದೆ. ಕಣ್ಣೆದುರೇ ಹಡಗು ಮೆಲ್ಲಗೆ ಏರುವುದನ್ನು, ಇಳಿಯುವುದನ್ನು ಅಲ್ಲಿ ನಿಂತು ನೋಡಬಹುದು.

ಎತ್ತುವ ಕೆಲಸ ಪುಕ್ಕಟೆ ಅಲ್ಲ. ಒಂದು ಹಡಗು ದಾಟಿದರೆ ಸುಮಾರು 20 ಕೋಟಿ ಲೀಟರ್ ಸಿಹಿನೀರು ಸಮುದ್ರಕ್ಕೆ ಹೋಗುತ್ತದೆ. ಒಬ್ಬರಿಗೆ ದಿನಕ್ಕೆ 100 ಲೀಟರ್ ಅಂದರೂ ಅದು 20 ಲಕ್ಷ ಜನರ ಒಂದು ದಿನದ ನೀರು. ಸರೋವರ ತುಂಬೋದು ಮಳೆಯಿಂದ. ಅಲ್ಲಿನ ಊರುಗಳು ಕುಡಿಯೋದೂ ಅದೇ ನೀರು. 2023ರಲ್ಲಿ ಮಳೆ ಕೈಕೊಟ್ಟಿತು. ದಿನಕ್ಕೆ ಸುಮಾರು 36 ಹಡಗು ದಾಟುತ್ತಿದ್ದ ಕಾಲುವೆಯಲ್ಲಿ ಡಿಸೆಂಬರ್ ಹೊತ್ತಿಗೆ 22ಕ್ಕೆ ಮಾತ್ರ ಅವಕಾಶ. ಹಡಗುಗಳು ಸಾಲಾಗಿ ಕಾದವು. 2016ರಲ್ಲಿ ತೆರೆದ ಹೊಸ ಲಾಕುಗಳ ಪಕ್ಕದಲ್ಲಿ ತೊಟ್ಟಿಗಳಿವೆ. ಅವು ಬಳಸಿದ ನೀರಿನಲ್ಲಿ ನೂರಕ್ಕೆ 60 ಪಾಲು ಉಳಿಸಿ ಮತ್ತೆ ಕೊಡುತ್ತವೆ.

ಸಿಂಗೂರು ಜಲಾಶಯದ ನೀರನ್ನು ಹೊಲ, ಊರು, ಹೈದರಾಬಾದ್ ಹಂಚಿಕೊಳ್ಳುವುದನ್ನು ಬಲ್ಲ ನಮಗೆ ಈ ಲೆಕ್ಕ ಹೊಸದಲ್ಲ. ನೀರು ಎಷ್ಟಿದೆಯೋ ಅಷ್ಟೇ ಕೆಲಸ.

ಲೆಕ್ಕ ಮಾಡಿ: ಗಾಟೂನಿನ ಒಂದು ಮೆಟ್ಟಿಲು ಸುಮಾರು 9 ಮೀಟರ್. ನಮ್ಮ ಕೊಹೀರ್ ಸೀಮೆ ಸಮುದ್ರಕ್ಕಿಂತ ಸುಮಾರು 600 ಮೀಟರ್ ಎತ್ತರ. ಇಲ್ಲಿಗೆ ಹಡಗು ತರಲು ಎಷ್ಟು ಲಾಕು ಬೇಕು? ಅವನ್ನು ತುಂಬಲು ಮೇಲಿನಿಂದ ಬರುವ ನೀರು ನಮ್ಮಲ್ಲಿ ಎಲ್ಲಿದೆ? ತರಗತಿಯಲ್ಲಿ ಚರ್ಚಿಸಿ.