ವಿಶ್ವವಿದ್ಯಾಲಯದ ವೇದಿಕೆಯಿಂದ ಸುಂಕದ ಕಟ್ಟೆಯವರೆಗೆ

ಯುರೋಪಿನ ದೇಶಗಳಿಗೆ ಸರಕು ಕಳುಹಿಸುವ ನಮ್ಮ ವರ್ತಕರು ಮತ್ತು ಸಣ್ಣ ಕೈಗಾರಿಕೋದ್ಯಮಿಗಳು ಸಾಮಾನ್ಯವಾಗಿ ಮೂರು ಸಂಗತಿಗಳ ಮೇಲೆ ಸದಾ ಗಮನವಿರಿಸುತ್ತಾರೆ: ಯೂರೋ ನಾಣ್ಯದ ವಿನಿಮಯ ದರ, ಹಡಗಿನ ಸಾಗಣೆ ವೆಚ್ಚ ಮತ್ತು ಖರೀದಿದಾರರಿಂದ ಹಣ ಬರುವ ದಿನಾಂಕ. ಇವು ಮೂರೂ ಅವಶ್ಯಕವೇ. ಆದರೆ ಐದಾರು ವರ್ಷಗಳ ನಂತರ ತಮ್ಮ ಸರಕಿನ ಮೇಲೆ ಯಾವ ಹೊಸ ನಿಬಂಧನೆ ಬರಲಿದೆ ಎಂಬುದು ಈ ಮೂರರಿಂದ ತಿಳಿಯುವುದಿಲ್ಲ. ಅದರ ಮೊದಲ ಸೂಚನೆ ಎಷ್ಟೋ ವೇಳೆ ಯುರೋಪಿನ ಯಾವುದಾದರೊಂದು ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ನಡೆದ ಉಪನ್ಯಾಸದಲ್ಲಿ ದೊರೆಯುತ್ತದೆ. ವಿದ್ಯಾರ್ಥಿಗಳಿಗೂ ಪ್ರಾಧ್ಯಾಪಕರಿಗೂ ಸೇರಿದ್ದೆಂದು ನಾವು ಬದಿಗಿರಿಸುವ ಇಂತಹ ಸಭೆಗಳ ಸ್ವರೂಪವನ್ನೂ ಅವುಗಳಿಂದ ವ್ಯಾಪಾರಕ್ಕೆ ಆಗಬಹುದಾದ ಪ್ರಯೋಜನವನ್ನೂ ವಿವರಿಸುವುದು ಈ ಲೇಖನದ ಉದ್ದೇಶ.

ಸಭೆಗಳ ಸ್ವರೂಪ

ಯುರೋಪಿನ ವಿಶ್ವವಿದ್ಯಾಲಯಗಳಲ್ಲಿ ಆ ಖಂಡದ ರಾಜಕೀಯ, ಭಾಷೆ ಮತ್ತು ಸಂಸ್ಕೃತಿಯನ್ನು ಕುರಿತ ಕಾರ್ಯಕ್ರಮಗಳು ವರ್ಷವಿಡೀ ನಡೆಯುತ್ತವೆ. ಇವುಗಳಲ್ಲಿ ಎರಡು ದಿನಗಳಿಗೆ ವಿಶೇಷ ಮಹತ್ವವಿದೆ. ಮೊದಲನೆಯದು ಮೇ 9ರ ಯುರೋಪ್ ದಿನ. ಫ್ರಾನ್ಸ್ ಮತ್ತು ಜರ್ಮನಿಗಳ ಕಲ್ಲಿದ್ದಲು ಹಾಗೂ ಉಕ್ಕಿನ ಉತ್ಪಾದನೆಯನ್ನು ಒಂದೇ ಪ್ರಾಧಿಕಾರದ ಅಡಿಯಲ್ಲಿ ತರುವ ಪ್ರಸ್ತಾವವನ್ನು ಫ್ರಾನ್ಸಿನ ವಿದೇಶಾಂಗ ಸಚಿವ ರಾಬರ್ಟ್ ಶೂಮನ್ 1950ರಲ್ಲಿ ಅದೇ ದಿನ ಮಂಡಿಸಿದರು. ಇಂದಿನ 27 ದೇಶಗಳ ಯುರೋಪಿಯನ್ ಒಕ್ಕೂಟಕ್ಕೆ ಅದೇ ಬುನಾದಿ. ಎರಡನೆಯದು ಸೆಪ್ಟೆಂಬರ್ 26ರ ಯುರೋಪಿಯನ್ ಭಾಷಾ ದಿನ. 2001ನೇ ಇಸವಿಯನ್ನು ಭಾಷೆಗಳ ವರ್ಷವೆಂದು ಆಚರಿಸಿದ ಬಳಿಕ ಇದು ಪ್ರತಿವರ್ಷದ ಆಚರಣೆಯಾಯಿತು.

ಇವುಗಳ ಜೊತೆಗೆ ಈ ಅಧ್ಯಯನಕ್ಕೆಂದೇ ಸ್ಥಾಪಿತವಾದ ಸಂಸ್ಥೆಗಳೂ ಇವೆ. ಬೆಲ್ಜಿಯಂ ದೇಶದ ಬ್ರೂಜ್ ನಗರದಲ್ಲಿರುವ ಕಾಲೇಜ್ ಆಫ್ ಯುರೋಪ್ 1949ರಲ್ಲಿ ಆರಂಭವಾಯಿತು. ಇಟಲಿಯ ಫ್ಲಾರೆನ್ಸ್ ಬಳಿಯಿರುವ ಯುರೋಪಿಯನ್ ಯೂನಿವರ್ಸಿಟಿ ಇನ್‌ಸ್ಟಿಟ್ಯೂಟ್ 1976ರಿಂದ ಕಾರ್ಯ ನಿರ್ವಹಿಸುತ್ತಿದೆ. ಇನ್ನು 1989ರಲ್ಲಿ ಪ್ರಾರಂಭವಾದ ಜಾನ್ ಮೊನೆ ಯೋಜನೆಯು ಜಗತ್ತಿನ ನಾನಾ ದೇಶಗಳ ವಿಶ್ವವಿದ್ಯಾಲಯಗಳಲ್ಲಿ ಯುರೋಪ್ ಒಕ್ಕೂಟವನ್ನು ಕುರಿತ ಬೋಧನೆಗೂ ವಿಚಾರ ಸಂಕಿರಣಗಳಿಗೂ ಧನಸಹಾಯ ನೀಡುತ್ತದೆ. ವಿದ್ಯಾರ್ಥಿಗಳನ್ನು ಒಂದು ದೇಶದಿಂದ ಮತ್ತೊಂದು ದೇಶಕ್ಕೆ ಕಳುಹಿಸುವ ಎರಾಸ್ಮಸ್ ಯೋಜನೆ 1987ರಲ್ಲಿ 11 ದೇಶಗಳ 3,244 ವಿದ್ಯಾರ್ಥಿಗಳಿಂದ ಮೊದಲಾಯಿತು. ಅದರ ಮುಂದುವರಿಕೆಯಾದ ಯೋಜನೆಗೆ 2021ರಿಂದ 2027ರ ಅವಧಿಗೆ ಸುಮಾರು 26 ಶತಕೋಟಿ ಯೂರೋ ಗೊತ್ತುಪಡಿಸಲಾಯಿತು. ಇಷ್ಟು ದೊಡ್ಡ ಮೊತ್ತವನ್ನು ಯಾರೂ ಕೇವಲ ಸಮಾರಂಭಗಳಿಗಾಗಿ ವಿನಿಯೋಗಿಸುವುದಿಲ್ಲ ಎಂಬುದನ್ನು ಲೆಕ್ಕ ಬಲ್ಲವರಿಗೆ ಹೇಳಬೇಕಾಗಿಲ್ಲ.

ಭಾಷಣದಿಂದ ನೀತಿಗೆ

ಯುರೋಪಿನ ರಾಜಕಾರಣಿಗಳಲ್ಲಿ ಒಂದು ಹಳೆಯ ರೂಢಿಯಿದೆ. ಸಂಸತ್ತಿನಲ್ಲಿ ಮಂಡಿಸುವಷ್ಟು ಇನ್ನೂ ಪಕ್ವವಾಗದ ವಿಚಾರವನ್ನು ಅವರು ಮೊದಲು ವಿಶ್ವವಿದ್ಯಾಲಯದ ವೇದಿಕೆಯಲ್ಲಿ ಹೇಳಿ ನೋಡುತ್ತಾರೆ. 1946ರ ಸೆಪ್ಟೆಂಬರ್ 19ರಂದು ವಿನ್‌ಸ್ಟನ್ ಚರ್ಚಿಲ್ ಜೂರಿಕ್ ವಿಶ್ವವಿದ್ಯಾಲಯದಲ್ಲಿ ಮಾತನಾಡುತ್ತ, ಯುರೋಪು ಒಂದಾಗಬೇಕಾದರೆ ಫ್ರಾನ್ಸ್ ಮತ್ತು ಜರ್ಮನಿ ಮೊದಲು ಜೊತೆಗೂಡಬೇಕೆಂದು ಪ್ರತಿಪಾದಿಸಿದರು. ಯುದ್ಧ ಮುಗಿದು ಒಂದೇ ವರ್ಷವಾಗಿದ್ದ ಕಾಲದಲ್ಲಿ ಅದು ಅಸಂಭವವೆಂದೇ ತೋರುವ ಮಾತು. ನಾಲ್ಕು ವರ್ಷಗಳೊಳಗೆ ಶೂಮನ್ ಪ್ರಸ್ತಾವ ಬಂದಿತು.

1988ರ ಸೆಪ್ಟೆಂಬರ್ 20ರಂದು ಬ್ರಿಟನ್ನಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಬ್ರೂಜ್‌ನ ಕಾಲೇಜ್ ಆಫ್ ಯುರೋಪಿನಲ್ಲಿ ಇದಕ್ಕೆ ವಿರುದ್ಧ ದಿಕ್ಕಿನ ಭಾಷಣ ಮಾಡಿದರು. ಸದಸ್ಯ ದೇಶಗಳ ಅಧಿಕಾರವೆಲ್ಲ ಬ್ರಸೆಲ್ಸ್‌ನಲ್ಲಿ ಕೇಂದ್ರೀಕೃತವಾಗುವುದನ್ನು ಅವರು ಅಲ್ಲಿ ವಿರೋಧಿಸಿದರು. ಬ್ರಿಟನ್ನಿನಲ್ಲಿ ಒಕ್ಕೂಟದ ವಿರುದ್ಧ ಬೆಳೆದ ಅಭಿಪ್ರಾಯಕ್ಕೆ ಆ ಭಾಷಣ ಆಧಾರವಾಯಿತು. 2016ರ ಜೂನ್ 23ರ ಜನಮತ ಗಣನೆಯ ಬಳಿಕ 2020ರ ಜನವರಿ 31ರಂದು ಬ್ರಿಟನ್ ಒಕ್ಕೂಟದಿಂದ ಹೊರಬಂದಿತು. ಅದರ ಪರಿಣಾಮವನ್ನು ನಮ್ಮ ರಫ್ತುದಾರರು ನೇರವಾಗಿ ಕಂಡಿದ್ದಾರೆ. ಒಂದೇ ಮಾರುಕಟ್ಟೆಯಾಗಿದ್ದುದು ಎರಡು ಸುಂಕ ವಲಯಗಳಾಯಿತು. ರಾಸಾಯನಿಕಗಳ ನೋಂದಣಿಯಂತಹ ವಿಷಯಗಳಲ್ಲಿ ಎರಡು ಪ್ರತ್ಯೇಕ ವ್ಯವಸ್ಥೆಗಳಾದವು. ಭಾರತವು ಬ್ರಿಟನ್ನಿನೊಡನೆ 2025ರ ಜುಲೈ 24ರಂದು ಪ್ರತ್ಯೇಕ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿತು.

ಎಲ್ಲ ಭಾಷಣಗಳೂ ಫಲಿಸುವುದಿಲ್ಲ ಎಂಬುದನ್ನೂ ಗಮನಿಸಬೇಕು. 2000ದ ಮೇ 12ರಂದು ಜರ್ಮನಿಯ ವಿದೇಶಾಂಗ ಸಚಿವ ಯೋಷ್ಕಾ ಫಿಷರ್ ಬರ್ಲಿನ್ನಿನ ಹಂಬೋಲ್ಟ್ ವಿಶ್ವವಿದ್ಯಾಲಯದಲ್ಲಿ ಯುರೋಪಿಗೆ ಪೂರ್ಣ ಸಂಯುಕ್ತ ವ್ಯವಸ್ಥೆ ಬೇಕೆಂದು ವಾದಿಸಿದರು. ಆ ಚರ್ಚೆ ಮುಂದುವರಿದು 2004ರಲ್ಲಿ ಯುರೋಪಿಗೊಂದು ಸಂವಿಧಾನವನ್ನು ರೂಪಿಸುವ ಒಪ್ಪಂದಕ್ಕೆ ಸಹಿ ಬಿದ್ದರೂ, 2005ರಲ್ಲಿ ಫ್ರಾನ್ಸ್ ಹಾಗೂ ನೆದರ್ಲೆಂಡ್ಸ್ ಮತದಾರರು ಅದನ್ನು ತಿರಸ್ಕರಿಸಿದರು. ಕೊನೆಗೆ 2009ರ ಡಿಸೆಂಬರ್ 1ರಂದು ಜಾರಿಗೆ ಬಂದ ಲಿಸ್ಬನ್ ಒಪ್ಪಂದದಲ್ಲಿ ಅದರ ಹಲವು ಅಂಶಗಳು ಉಳಿದುಕೊಂಡವು; ಸಂವಿಧಾನವೆಂಬ ಹೆಸರು ಉಳಿಯಲಿಲ್ಲ.

2017ರ ಒಂದು ಭಾಷಣ, 2026ರ ಒಂದು ಹೊಣೆ

ನಮ್ಮ ಸಣ್ಣ ಕೈಗಾರಿಕೆಗಳಿಗೆ ಅತ್ಯಂತ ಹತ್ತಿರವಾದ ಉದಾಹರಣೆ ಇನ್ನೊಂದಿದೆ. 2017ರ ಸೆಪ್ಟೆಂಬರ್ 26ರಂದು, ಅಂದರೆ ಭಾಷಾ ದಿನದಂದೇ, ಫ್ರಾನ್ಸಿನ ಅಧ್ಯಕ್ಷ ಎಮ್ಯಾನುಯೆಲ್ ಮ್ಯಾಕ್ರಾನ್ ಪ್ಯಾರಿಸ್ಸಿನ ಸೊರ್ಬಾನ್ ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ವಿದ್ಯಾರ್ಥಿಗಳೆದುರು ದೀರ್ಘ ಭಾಷಣ ಮಾಡಿದರು. ವಿವಿಧ ದೇಶಗಳ ವಿಶ್ವವಿದ್ಯಾಲಯಗಳು ಜೊತೆಗೂಡಿದ ಜಾಲಗಳು ರಚನೆಯಾಗಬೇಕು, ಪ್ರತಿಯೊಬ್ಬ ವಿದ್ಯಾರ್ಥಿಯೂ ಎರಡು ಯುರೋಪಿಯನ್ ಭಾಷೆಗಳನ್ನು ಆಡಬಲ್ಲವನಾಗಬೇಕು ಎಂಬ ಸಲಹೆಗಳು ಅದರಲ್ಲಿದ್ದವು. ಪತ್ರಿಕೆಗಳು ಹೆಚ್ಚಾಗಿ ರಾಜಕೀಯದ ಅಂಶಗಳನ್ನೇ ವರದಿ ಮಾಡಿದವು. ಆದರೆ ಯುರೋಪಿನ ಗಡಿಯಲ್ಲಿ ಇಂಗಾಲದ ಮೇಲೆ ತೆರಿಗೆ ವಿಧಿಸಬೇಕೆಂಬ ಮಾತೂ ಅದೇ ಭಾಷಣದಲ್ಲಿತ್ತು.

ಮುಂದಿನ ಹೆಜ್ಜೆಗಳನ್ನು ಕ್ರಮವಾಗಿ ನೋಡೋಣ. 2019ರ ಡಿಸೆಂಬರಿನಲ್ಲಿ ಯುರೋಪಿಯನ್ ಆಯೋಗವು ತನ್ನ ಹಸಿರು ನೀತಿಯಲ್ಲಿ ಈ ವಿಚಾರವನ್ನು ಸೇರಿಸಿತು. 2021ರ ಜುಲೈ 14ರಂದು ಕರಡು ಶಾಸನ ಹೊರಬಂದಿತು. 2023ರ ಮೇ ತಿಂಗಳಲ್ಲಿ ಶಾಸನಕ್ಕೆ ಅಂಗೀಕಾರ ದೊರೆಯಿತು. 2023ರ ಅಕ್ಟೋಬರ್ 1ರಿಂದ ಮಾಹಿತಿ ಸಲ್ಲಿಸುವ ಸಂಧಿಕಾಲ ಮೊದಲಾಯಿತು. 2026ರ ಜನವರಿ 1ರಿಂದ ಹಣ ತೆರಬೇಕಾದ ಹಂತ ಆರಂಭವಾಯಿತು. ಕಬ್ಬಿಣ ಮತ್ತು ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ರಸಗೊಬ್ಬರ, ಹೈಡ್ರೋಜನ್ ಹಾಗೂ ವಿದ್ಯುತ್ ಇದರ ವ್ಯಾಪ್ತಿಯಲ್ಲಿವೆ. ಉಕ್ಕಿನ ತಿರುಪು, ಬೋಲ್ಟು, ನಟ್ಟುಗಳೂ ಈ ಪಟ್ಟಿಯಲ್ಲಿ ಸೇರಿವೆ.

ಈ ಹಣವನ್ನು ತೆರುವವನು ಯುರೋಪಿನ ಆಮದುದಾರ, ನಮ್ಮ ತಯಾರಕನಲ್ಲ. ಆದರೂ ಸರಕಿನ ತಯಾರಿಕೆಯಲ್ಲಿ ಎಷ್ಟು ಇಂಗಾಲ ಹೊರಬಿದ್ದಿತೆಂಬ ಲೆಕ್ಕವನ್ನು ಒದಗಿಸಬೇಕಾದವನು ತಯಾರಕ. ಲೆಕ್ಕ ದೊರೆಯದಿದ್ದಲ್ಲಿ ಆಮದುದಾರನಿಗೆ ನಿಯಮದಲ್ಲಿ ಗೊತ್ತುಪಡಿಸಿದ ಹೆಚ್ಚಿನ ಪ್ರಮಾಣ ಅನ್ವಯವಾಗುವ ಸಂಭವವಿರುತ್ತದೆ. ಆ ಹೊರೆಯನ್ನು ಅವನು ಬೆಲೆಯಲ್ಲಿ ಕಡಿತ ಮಾಡುತ್ತಾನೆ, ಇಲ್ಲವೇ ಲೆಕ್ಕ ಕೊಡಬಲ್ಲ ಬೇರೊಬ್ಬ ಪೂರೈಕೆದಾರನನ್ನು ಹುಡುಕುತ್ತಾನೆ.

2025ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ, ವರ್ಷಕ್ಕೆ ಒಟ್ಟು 50 ಟನ್ನುಗಳಿಗಿಂತ ಹೆಚ್ಚು ತರಿಸದ ಆಮದುದಾರರಿಗೆ ವಿನಾಯಿತಿ ಇದೆ. ಇದನ್ನು ಕೇಳಿ ಸಣ್ಣ ತಯಾರಕರು ನಿಶ್ಚಿಂತರಾಗುವಂತಿಲ್ಲ. ಮಿತಿಯನ್ನು ಅಳೆಯುವುದು ಆಮದುದಾರನ ಒಟ್ಟು ಖರೀದಿಯಿಂದ. ಒಬ್ಬ ಆಮದುದಾರ ನಮ್ಮಿಂದ 20 ಟನ್ ಬೋಲ್ಟುಗಳನ್ನೂ ಒಕ್ಕೂಟದ ಹೊರಗಿನ ಮತ್ತೊಂದು ದೇಶದಿಂದ 40 ಟನ್ನುಗಳನ್ನೂ ತರಿಸಿದನೆಂದು ಭಾವಿಸೋಣ. ಅವನ ಒಟ್ಟು ಮೊತ್ತ 60 ಟನ್. ನಮ್ಮ ಪಾಲು ಎಷ್ಟೇ ಸಣ್ಣದಾಗಿದ್ದರೂ ಅದರ ಲೆಕ್ಕವನ್ನು ಅವನು ಕೇಳಿಯೇ ಕೇಳುತ್ತಾನೆ.

ಸೊರ್ಬಾನ್ ಭಾಷಣದಿಂದ ಸಂಧಿಕಾಲದ ಆರಂಭದವರೆಗೆ ಆರು ವರ್ಷಗಳಿದ್ದವು. ವಿದ್ಯುತ್, ಇದ್ದಿಲು ಮತ್ತು ಡೀಸೆಲ್ ಬಳಕೆಯನ್ನು ಉತ್ಪಾದನಾ ವಿಭಾಗವಾರು ಬರೆದಿಡುವ ಪದ್ಧತಿಯನ್ನು ರೂಢಿಸಿಕೊಳ್ಳಲು ಈ ಅವಧಿ ಧಾರಾಳವಾಗಿ ಸಾಕಾಗುತ್ತಿತ್ತು. ಖರೀದಿದಾರನ ಪತ್ರ ಬಂದ ಮೇಲೆ ದೊರೆಯುವುದು ಕೆಲವೇ ವಾರಗಳು.

ಭಾಷೆಯೂ ವ್ಯಾಪಾರದ ವಿಷಯವೇ

1958ರಲ್ಲಿ ಯುರೋಪಿಯನ್ ಆರ್ಥಿಕ ಸಮುದಾಯವು ಹೊರಡಿಸಿದ ಮೊಟ್ಟಮೊದಲ ನಿಯಮವೇ ಭಾಷೆಯನ್ನು ಕುರಿತದ್ದು. ಡಚ್, ಫ್ರೆಂಚ್, ಜರ್ಮನ್ ಮತ್ತು ಇಟಾಲಿಯನ್ ಎಂಬ ನಾಲ್ಕು ಭಾಷೆಗಳಿಂದ ಆರಂಭವಾದ ಆ ಪಟ್ಟಿಯಲ್ಲಿ ಇಂದು 24 ಭಾಷೆಗಳಿವೆ. ಒಕ್ಕೂಟದ ಶಾಸನದ ಪ್ರತಿಯೊಂದು ಭಾಷಾ ಪಾಠಕ್ಕೂ ಸಮಾನ ಅಧಿಕೃತತೆಯಿದೆ.

ಭಾಷೆಯ ಪ್ರಶ್ನೆ ಅಲ್ಲಿ ಎಷ್ಟು ಗಂಭೀರವೆಂಬುದಕ್ಕೆ ಬೆಲ್ಜಿಯಂ ದೇಶದ ಲುವೆನ್ ವಿಶ್ವವಿದ್ಯಾಲಯವೇ ನಿದರ್ಶನ. ಡಚ್ ಮತ್ತು ಫ್ರೆಂಚ್ ಭಾಷಿಕರ ನಡುವಿನ ವಿವಾದದಿಂದಾಗಿ 1968ರ ಫೆಬ್ರವರಿಯಲ್ಲಿ ಆ ದೇಶದ ಸರ್ಕಾರವೇ ಉರುಳಿತು. ವಿಶ್ವವಿದ್ಯಾಲಯವು ಎರಡಾಗಿ, ಫ್ರೆಂಚ್ ವಿಭಾಗಕ್ಕಾಗಿ ಹೊಸ ಪಟ್ಟಣವನ್ನೇ ಕಟ್ಟಬೇಕಾಯಿತು. ಗ್ರಂಥಾಲಯದ ಪುಸ್ತಕಗಳನ್ನು ಬೆಸ ಮತ್ತು ಸಮ ಕ್ರಮಸಂಖ್ಯೆಗಳ ಆಧಾರದ ಮೇಲೆ ಹಂಚಿಕೊಂಡರು. ಗಡಿ ಮತ್ತು ಭಾಷೆಯ ವಿವಾದಗಳನ್ನು ಹತ್ತಿರದಿಂದ ಕಂಡಿರುವ ಕನ್ನಡಿಗರಿಗೆ ಇದರ ತೀವ್ರತೆಯನ್ನು ವಿವರಿಸಬೇಕಾದ ಅಗತ್ಯವಿಲ್ಲ.

ವ್ಯಾಪಾರದ ದೃಷ್ಟಿಯಿಂದ ಹೇಳುವುದಾದರೆ, ಆಹಾರ ಪದಾರ್ಥದ ಪೊಟ್ಟಣದ ಮೇಲಿನ ಕಡ್ಡಾಯ ವಿವರಗಳು ಅದು ಮಾರಾಟವಾಗುವ ದೇಶದ ಗ್ರಾಹಕರಿಗೆ ಸುಲಭವಾಗಿ ಅರ್ಥವಾಗುವ ಭಾಷೆಯಲ್ಲಿರಬೇಕೆಂದು 2011ರ ನಿಯಮ ವಿಧಿಸುತ್ತದೆ. ಇಂಗ್ಲಿಷ್ ಮುದ್ರಣವೊಂದಿದ್ದರೆ ಯುರೋಪಿನ ಎಲ್ಲೆಡೆ ಸಲ್ಲುತ್ತದೆ ಎಂಬ ಭಾವನೆ ಸರಿಯಲ್ಲ. ಮಸಾಲೆ, ಉಪ್ಪಿನಕಾಯಿ, ಸಂಸ್ಕರಿಸಿದ ತಿನಿಸುಗಳ ರಫ್ತುದಾರರು ಕರಾರು ಮಾಡಿಕೊಳ್ಳುವಾಗಲೇ ಅನುವಾದದ ಹಾಗೂ ಮುದ್ರಣದ ವೆಚ್ಚ ಯಾರದೆಂಬುದನ್ನು ಬರೆಯಿಸಿಕೊಳ್ಳಬೇಕು.

ಲೆಕ್ಕಪತ್ರದ ದೃಷ್ಟಿ

ಒಂದು ಭಾಷಣವನ್ನು ಎಷ್ಟರಮಟ್ಟಿಗೆ ನೆಚ್ಚಬೇಕು ಎಂಬ ಪ್ರಶ್ನೆ ಸಹಜ. ಲೆಕ್ಕಪತ್ರದ ಮಾನದಂಡಗಳಲ್ಲಿ ಖಚಿತ ಹೊಣೆಗೆ ಮೊತ್ತ ತೆಗೆದಿರಿಸುವುದಕ್ಕೂ, ಸಂಭಾವ್ಯ ಹೊಣೆಯನ್ನು ಟಿಪ್ಪಣಿಯಲ್ಲಿ ಮಾತ್ರ ನಮೂದಿಸುವುದಕ್ಕೂ ವ್ಯತ್ಯಾಸವಿದೆ. ಅದೇ ವಿವೇಚನೆಯನ್ನು ವ್ಯವಹಾರದ ಯೋಜನೆಗೂ ಅನ್ವಯಿಸಬಹುದು.

1. ಭಾಷಣದ ಹಂತ: ವಿಷಯವನ್ನು ಗುರುತು ಹಾಕಿಕೊಂಡರೆ ಸಾಕು. ಖರ್ಚು ಬೇಡ.
2. ಆಯೋಗದ ಕರಡಿನ ಹಂತ: ತಮ್ಮ ಸರಕಿನ ಸುಂಕ ಶೀರ್ಷಿಕೆ ಅದರಲ್ಲಿದೆಯೇ ಎಂದು ಪರಿಶೀಲಿಸಿ, ಅಗತ್ಯ ದಾಖಲೆಗಳನ್ನು ಇಡಲು ಆರಂಭಿಸಬೇಕು.
3. ಸಂಸತ್ತು ಮತ್ತು ಸಚಿವರ ಮಂಡಳಿ ಅಂಗೀಕರಿಸಿದ ಹಂತ: ವೆಚ್ಚವನ್ನು ಅಂದಾಜಿಸಿ, ಮುಂದಿನ ಕರಾರುಗಳ ಬೆಲೆಯಲ್ಲಿ ಸೇರಿಸಬೇಕು.
4. ಜಾರಿಯ ದಿನಾಂಕ: ಆ ವೇಳೆಗೆ ಎಲ್ಲವೂ ಸಿದ್ಧವಾಗಿರಬೇಕು.

ಜಾರಿಯ ದಿನಾಂಕಗಳು ಮುಂದಕ್ಕೆ ಹೋಗುವುದುಂಟು. ಅರಣ್ಯನಾಶವಾದ ಭೂಮಿಯಲ್ಲಿ ಬೆಳೆದ ಪದಾರ್ಥಗಳನ್ನು ತಡೆಯುವ 2023ರ ಶಾಸನವನ್ನು 2024ರಲ್ಲಿ ಒಮ್ಮೆ, 2025ರಲ್ಲಿ ಮತ್ತೊಮ್ಮೆ ಮುಂದೂಡಲಾಯಿತು. ಅದರ ವ್ಯಾಪ್ತಿಯ ಏಳು ಪದಾರ್ಥಗಳಲ್ಲಿ ಕಾಫಿಯೂ ಒಂದು; ನಮ್ಮ ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಕಾಫಿಗೆ ಇಟಲಿ, ಜರ್ಮನಿಗಳು ಪ್ರಮುಖ ಗಿರಾಕಿಗಳು. ಕಾಫಿ ಬೆಳೆದ ಜಮೀನಿನ ಭೌಗೋಳಿಕ ಸ್ಥಾನವನ್ನು ದಾಖಲೆಯಲ್ಲಿ ತೋರಿಸಬೇಕೆಂಬುದು ಅದರ ಮುಖ್ಯ ನಿಬಂಧನೆ. ನೂರಾರು ಸಣ್ಣ ಬೆಳೆಗಾರರಿಂದ ಕೊಳ್ಳುವ ವ್ಯಾಪಾರಿಗೆ ಈ ಕೆಲಸ ಒಂದು ಹಂಗಾಮಿನಲ್ಲಿ ಮುಗಿಯುವಂಥದಲ್ಲ. ದೊರೆತ ಕಾಲಾವಕಾಶವನ್ನು ವಿನಾಯಿತಿ ಎಂದು ತಿಳಿಯುವುದು ಅಪಾಯಕರ.

ನಾವು ಮಾಡಬಹುದಾದುದು

ಈ ಸಭೆಗಳನ್ನು ಅನುಸರಿಸಲು ವಿಮಾನ ಹತ್ತಬೇಕಾಗಿಲ್ಲ. ಮುಖ್ಯ ಉಪನ್ಯಾಸಗಳು ಅಂತರಜಾಲದಲ್ಲಿ ಶುಲ್ಕವಿಲ್ಲದೆ ಲಭ್ಯ. ರಾಷ್ಟ್ರನಾಯಕರ ಭಾಷಣಗಳ ಪೂರ್ಣ ಪಾಠ ಇಂಗ್ಲಿಷಿನಲ್ಲಿಯೂ ಬಹುಮಟ್ಟಿಗೆ ಪ್ರಕಟವಾಗುತ್ತದೆ. ಓದುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು: ಮಾತನಾಡಿದವರಿಗೆ ಅದನ್ನು ಜಾರಿಗೆ ತರುವ ಅಧಿಕಾರವಿದೆಯೇ? ಗಡಿ, ತೆರಿಗೆ, ಗುಣಮಟ್ಟ, ಸಹಾಯಧನ ಇವುಗಳ ಪ್ರಸ್ತಾಪ ಇದೆಯೇ? ಇತರ ಸದಸ್ಯ ದೇಶಗಳ ನಾಯಕರೂ ಅದನ್ನೇ ಹೇಳುತ್ತಿದ್ದಾರೆಯೇ? ಮೂರಕ್ಕೂ ಹೌದೆಂಬ ಉತ್ತರ ಬಂದರೆ ವಿಷಯ ಮುಂದುವರಿಯುತ್ತದೆಂದು ಎಣಿಸಬಹುದು.

ನಮ್ಮ ರಾಜ್ಯದಲ್ಲಿಯೂ ಅನುಕೂಲಗಳಿವೆ. ಬೆಂಗಳೂರಿನಲ್ಲಿ ಜರ್ಮನ್ ಕಲಿಸುವ ಮ್ಯಾಕ್ಸ್‌ಮುಲ್ಲರ್ ಭವನ ಮತ್ತು ಫ್ರೆಂಚ್ ಕಲಿಸುವ ಅಲಿಯಾನ್ಸ್ ಫ್ರಾನ್ಸೇಸ್ ದಶಕಗಳಿಂದ ಕಾರ್ಯ ನಿರ್ವಹಿಸುತ್ತಿವೆ. ಎರಾಸ್ಮಸ್ ಮುಂಡಸ್ ಯೋಜನೆ 2004ರಲ್ಲಿ ಆರಂಭವಾದಂದಿನಿಂದ ಭಾರತದ ವಿದ್ಯಾರ್ಥಿಗಳು ಗಣನೀಯ ಸಂಖ್ಯೆಯಲ್ಲಿ ಅದರ ವಿದ್ಯಾರ್ಥಿವೇತನ ಪಡೆದಿದ್ದಾರೆ. ಹೀಗೆ ಓದಿ ಬಂದ ಯುವಕ ಯುವತಿಯರಿಗೆ ಆ ದೇಶಗಳ ಭಾಷೆಯೂ ಬರುತ್ತದೆ, ಅಲ್ಲಿನ ಆಡಳಿತದ ರೀತಿಯೂ ತಿಳಿದಿರುತ್ತದೆ. ಇಂಥವರನ್ನು ಕೇವಲ ದೊಡ್ಡ ಕಂಪನಿಗಳು ಮಾತ್ರ ನೇಮಿಸಿಕೊಳ್ಳಬೇಕೆಂದಿಲ್ಲ. ಒಂದೊಂದು ಘಟಕಕ್ಕೆ ಅದರ ವೆಚ್ಚ ಭಾರವೆನಿಸಿದರೆ, ಒಂದೇ ಕೈಗಾರಿಕಾ ವಸಾಹತಿನ ನಾಲ್ಕಾರು ರಫ್ತುದಾರರು ಸೇರಿ ಒಬ್ಬರ ಸೇವೆಯನ್ನು ಹಂಚಿಕೊಳ್ಳಬಹುದು.

ವರ್ಷಕ್ಕೆ ಎರಡು ಬಾರಿ, ಮೇ 9ರ ಮತ್ತು ಸೆಪ್ಟೆಂಬರ್ 26ರ ಬಳಿಕ, ಆ ದಿನಗಳ ಸುಮಾರಿನಲ್ಲಿ ನಡೆದ ಮುಖ್ಯ ಭಾಷಣಗಳಲ್ಲಿ ವ್ಯಾಪಾರಕ್ಕೆ ಸಂಬಂಧಿಸಿದ ಅಂಶಗಳನ್ನು ಒಂದು ಪುಟದಲ್ಲಿ ಬರೆದಿಟ್ಟುಕೊಳ್ಳುವ ಅಭ್ಯಾಸ ನಮ್ಮ ರಫ್ತುದಾರರಲ್ಲಿ ಬೆಳೆಯಬೇಕು. ವಾರ್ಷಿಕ ಲೆಕ್ಕಪತ್ರಗಳನ್ನು ಅಂತಿಮಗೊಳಿಸುವಾಗ ಆ ಪುಟವನ್ನೂ ತಮ್ಮ ಲೆಕ್ಕಪರಿಶೋಧಕರ ಮುಂದಿಟ್ಟು ಚರ್ಚಿಸುವುದು ಒಳ್ಳೆಯದು. ಅದಕ್ಕೆ ತಗಲುವುದು ಒಂದೆರಡು ದಿನದ ಶ್ರಮ ಮಾತ್ರ.